ಎಡಚ ಇಂಜಿನು

ಪದ್ಮಯ್ಯನ ಜೀಪಿನ ಡೀಸೆಲ್ ಇಂಜಿನು ಬೇರೆ ಯಾವಾಗ ಬೇಕಾದರೂ ಸಾಯಬಹುದಿತ್ತು. ರಸ್ತೆ ನೋಡಲು ಸಾಹೇಬರು ಬರುವುದಕ್ಕೆ ಐದು ದಿನ ಇದೆ ಎನ್ನುವಾಗ ಸತ್ತಿತು.

ಗಾಳಿಬೀಡಿನಿಂದ ಮೂರು ಮೈಲಿ ಮೇಲಿದ್ದ ಪದ್ಮಯ್ಯನ ಕೇರಿಯ ಹದಿನೆಂಟು ಮನೆಗಳಿಗೆ ಇದ್ದದ್ದು ಅದೊಂದೇ ಗಾಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ನಾಲ್ಕು ಚಕ್ರಕ್ಕೂ ಎಳೆತ ಇದ್ದುದರಿಂದ ಇಷ್ಟು ವರ್ಷ ಹೇಗೋ ಗುಡ್ಡ ಹತ್ತಿತ್ತು. ರಿವರ್ಸ್ ಗೇರಿನ ಹಲ್ಲು ಉದುರಿ ಎರಡು ವರ್ಷವಾಗಿತ್ತು. ಗಾಡಿ ತಿರುಗಿಸಬೇಕಾದಾಗ ನಾಲ್ಕು ಜನ ಸೇರಿ ಹಿಂದಕ್ಕೆ ನೂಕುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಕೇರಿಯವರು ರಸ್ತೆಗಾಗಿ ಆರು ಅರ್ಜಿ ಬರೆದಿದ್ದರು. ಹೋದ ಮಳೆಗಾಲ ಬೆಳ್ಳಮ್ಮನ ಸೊಸೆಯನ್ನು ಹೆರಿಗೆಗೆಂದು ಕಂಬಳಿಯಲ್ಲಿ ಹೊತ್ತು ಇಳಿಸುವಾಗ ಮಗು ದಾರಿಯಲ್ಲೇ ಹುಟ್ಟಿತ್ತು. ಆರನೆಯ ಅರ್ಜಿಗೆ ಪಿ.ಡಬ್ಲ್ಯು.ಡಿ.ಯಿಂದ ಉತ್ತರ ಬಂತು: ಸಾಹೇಬರು ಖುದ್ದಾಗಿ ಬಂದು ನೋಡುತ್ತಾರೆ, ಗಾಳಿಬೀಡಿನಿಂದ ಮೇಲಕ್ಕೆ ವಾಹನದ ಏರ್ಪಾಡು ಊರವರದ್ದು.

ನಾಪೋಕ್ಲಿನ ಮೇಸ್ತ್ರಿ ಮೊಯ್ದು ಮಂಗಳೂರಿಗೆ ಓಡಿದ. ಬಂದರಿನಲ್ಲಿ ಒಂದು ಹಳೆಯ ದೊಡ್ಡ ದೋಣಿಯನ್ನು ಒಡೆಯುತ್ತಿದ್ದರು. ಅದರ ಇಂಜಿನು ಲಾರಿಯಲ್ಲಿ ಗಾಳಿಬೀಡಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮೇಲೆ ಬಂತು. ಎಳೆಗರುವಿನಷ್ಟು ದಪ್ಪ, ಕರಿಕಲ್ಲಿನ ದೇವರಂತೆ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು.

"ಇದು ಸಮುದ್ರ ಕಂಡದ್ದು," ಅಂದ ಮೊಯ್ದು, ತಲೆಗೆ ಸುತ್ತಿದ ವಸ್ತ್ರ ತೆಗೆದು ಅದನ್ನು ಒರೆಸುತ್ತಾ.

ಸಾಹೇಬರು ಬರುವ ದಿನ ಬೆಳಿಗ್ಗೆ ಎಂಟಕ್ಕೆ ಕೊನೆಯ ಬೋಲ್ಟು ಬಿಗಿಯಾಯಿತು. ಇಡೀ ಕೇರಿ ಪದ್ಮಯ್ಯನ ಅಂಗಳದಲ್ಲಿ ನೆರೆದಿತ್ತು. ಇಂಜಿನು ಒಮ್ಮೆ ಕೆಮ್ಮಿತು, ಮತ್ತೆ ಎದೆಯೊಳಗಿಂದ ಗುಡುಗಿತು. ನೆಲ ಅದುರಿತು. ಹಟ್ಟಿಯ ದನಗಳು ಮೇವು ಬಿಟ್ಟು ಕತ್ತೆತ್ತಿದವು. ಮುದುಕಿ ಪೂವಮ್ಮ ತನಗರಿವಿಲ್ಲದೆ ಕೈಮುಗಿದಳು. ಸ್ಟಿಯರಿಂಗು ಹಿಡಿದ ಪದ್ಮಯ್ಯನಿಗೆ ಮೈ ಜುಮ್ಮೆಂದಿತು. ಭಕ್ತಿಯಿಂದ ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟ.

ಜೀಪು ಹಿಂದಕ್ಕೆ ಹೋಯಿತು. ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯನ್ನು ತುಳಿದು, ಕೋಳಿಗೂಡನ್ನು ಮಗುಚಿ, ಹಟ್ಟಿಯ ಗೋಡೆಗೆ ಒರಗಿ ನಿಂತಿತು.

"ಮುಂದೆ ಹೋಗಿ ಅಂದ್ರೆ ಹಿಂದೆ ಯಾಕೆ ಬಂದ್ರಿ?" ಎಂದು ಹೆಂಡತಿ ನೀಲಾವತಿ ಕೋಳಿಗಳ ಮಧ್ಯದಿಂದ ಕೇಳಿದಳು.

ಮೊಯ್ದು ಬಾನೆಟ್ಟಿನೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದ. "ದೋಣಿಯಲ್ಲಿ ಎರಡು ಇಂಜಿನ್ ಇತ್ತು, ಪದ್ಮಯ್ಯಣ್ಣ. ಒಂದು ಬಲಕ್ಕೆ ತಿರುಗ್ತದೆ, ಒಂದು ಎಡಕ್ಕೆ. ಹಾಗಿದ್ರೇ ದೋಣಿ ನೇರ ಹೋಗೋದು. ನಮಗೆ ಸಿಕ್ಕಿದ್ದು ಎಡಚ."

"ಅಂದ್ರೆ?"

"ಮುಂದಿನ ಗೇರೆಲ್ಲ ಹಿಂದಕ್ಕೆ. ಹಿಂದಿನ ಗೇರು ಮುಂದಕ್ಕೆ."

"ಹಿಂದಿನ ಗೇರಿಗೆ ಹಲ್ಲೇ ಇಲ್ವಲ್ಲ ಮಾರಾಯ."

"ಹಾಗಾದ್ರೆ ಹಿಂದಕ್ಕೆ ಮಾತ್ರ," ಅಂದ ಮೊಯ್ದು. ಅವನ ದನಿಯಲ್ಲಿ ಬೇಸರಕ್ಕಿಂತ ಗೌರವವೇ ಹೆಚ್ಚಿತ್ತು. "ಮೂರು ಸ್ಪೀಡಿನಲ್ಲಿ. ಸರಿ ಮಾಡ್ಲಿಕ್ಕೆ ಎರಡು ದಿನ ಬೇಕು."

ಸಾಹೇಬರು ಬರಲು ಎರಡು ಗಂಟೆ ಇತ್ತು. ಪಕ್ಕದ ಮನೆಯ ಬೋಜಪ್ಪ ಮುಂದೆ ಬಂದ. ಪಟಾಲಮ್ಮಿನಲ್ಲಿ ಹವಾಲ್ದಾರನಾಗಿದ್ದವನು, ಯಾರ ಕಷ್ಟವಾದರೂ ತನ್ನ ಕೈಗೆ ತೆಗೆದುಕೊಳ್ಳುವವನು.

"ಇಳೀಲಿಕ್ಕೆ ಇಂಜಿನ್ ಯಾಕೆ? ನಾಲ್ಕು ಜನ ರಸ್ತೆಗೆ ನೂಕ್ತೇವೆ, ಬ್ರೇಕ್ ಹಿಡ್ಕೊಂಡು ಬಿಡು, ತಾನೇ ಇಳೀತದೆ. ಹತ್ತುವಾಗ ಹಿಂದೆ ಹಿಂದೆ ಹತ್ತು."

"ಸಾಹೇಬರು ಏನಂದ್ಕೊಳ್ತಾರೆ, ಬೋಜಪ್ಪಣ್ಣ?"

"ಅದು ನನಗೆ ಬಿಡು."

ಬೋಜಪ್ಪ ಇನ್ನೊಂದು ಕೆಲಸವನ್ನೂ ಹಿಂದಿನ ದಿನವೇ ಮುಗಿಸಿದ್ದ. ಡಿಸೆಂಬರಿನ ಬಿಸಿಲಿಗೆ ರಸ್ತೆ ಒಣಗಿ ಚೆಂದ ಕಾಣುತ್ತಿತ್ತಲ್ಲ, ಆ ಚೆಂದ ಸಾಹೇಬರ ಕಣ್ಣಿಗೆ ಬೀಳಬಾರದೆಂದು ತೋಡಿನ ನೀರನ್ನು ದೊಡ್ಡ ತಿರುವಿಗೆ ತಿರುಗಿಸಿದ್ದ. ಗಾಡಿ ಅಲ್ಲಿ ಹೂತುಕೊಳ್ಳಬೇಕು, ಸಾಹೇಬರು ಮೊಣಕಾಲುದ್ದ ಕೆಸರಿಗೆ ಇಳಿಯಬೇಕು, ರಸ್ತೆ ಅಲ್ಲೇ ಮಂಜೂರಾಗಬೇಕು.

ಇಳಿಯುವಾಗ ಬೋಜಪ್ಪನೂ ಇನ್ನು ಮೂವರೂ ಆ ಕೆಸರಿಗಿಳಿದು ಗಾಡಿಯನ್ನು ನೂಕಿ ದಾಟಿಸಿದರು. ಗಾಳಿಬೀಡಿನಲ್ಲಿ ಸಾಹೇಬರು ಕಾರಿನಿಂದ ಇಳಿದರು. ಮೈಸೂರು ಕಡೆಯವರು, ಸಣಕಲು ದೇಹ, ಕಂಕುಳಲ್ಲಿ ಕೊಡೆ. ಡ್ರೈವರ್ ಪಕ್ಕದ ಸೀಟಿಗೆ ಹತ್ತಹೋದವರನ್ನು ಬೋಜಪ್ಪ ಮೆಲ್ಲಗೆ ಹಿಂದಿನ ಬೆಂಚಿಗೆ ಕರೆದೊಯ್ದ.

"ನಮ್ಮಲ್ಲಿ ದೊಡ್ಡವರು ಎಲ್ಲರಿಗಿಂತ ಮುಂದೆ ಹೋಗ್ಬೇಕು ಸಾರ್. ಇವತ್ತು ಹಿಂದಿನ ಬೆಂಚೇ ಮುಂದೆ."

ಸಾಹೇಬರಿಗೆ ಅರ್ಥವಾಗುವ ಮೊದಲೇ ಇಂಜಿನು ಗುಡುಗಿತು. ಜೀಪು ಬೆನ್ನು ಮುಂದೆ ಮಾಡಿ ಗುಡ್ಡ ಹತ್ತತೊಡಗಿತು. ಪದ್ಮಯ್ಯ ಕುಯ್ಯಲು ಹಿಡಿದ ಕೋಳಿಯಂತೆ ಕುತ್ತಿಗೆ ತಿರುಚಿ, ಬೋಜಪ್ಪನ ತಲೆ ಮತ್ತು ಸಾಹೇಬರ ಕೊಡೆಯ ನಡುವೆ ಕಂಡಷ್ಟು ದಾರಿ ನೋಡಿಕೊಂಡು ಓಡಿಸಿದ. ಬದಿಯ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಚೋಮಿ ಬುಟ್ಟಿಯನ್ನು ತಲೆಯ ಮೇಲೇ ಮರೆತು, ಗಾಡಿ ಮರೆಯಾಗುವವರೆಗೂ ಬಾಯಿ ತೆರೆದು ನಿಂತಿದ್ದಳು. ಸಾಹೇಬರು ಕೊಡೆಯನ್ನು ಎರಡು ಕೈಯಲ್ಲೂ ಹಿಡಿದು, ತಮ್ಮ ಮೇಲೇ ಬರುತ್ತಿದ್ದ ರಸ್ತೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ದೊಡ್ಡ ತಿರುವು ಬಂತು. ಬೋಜಪ್ಪ ಪಿಸುಗುಟ್ಟಿದ: "ಇಲ್ಲಿ ಹುಗಿದುಬಿಡು."

ಪದ್ಮಯ್ಯ ಆಕ್ಸಿಲರೇಟರಿನಿಂದ ಕಾಲು ತೆಗೆದ. ಇಂಜಿನಿಗೆ ಅದು ಗೊತ್ತೇ ಆಗಲಿಲ್ಲ. ಅಲೆಗಳನ್ನು ಸೀಳಿ ಬೆಳೆದ ಇಂಜಿನು ಅದು. ಬೋಜಪ್ಪನ ಕೆಸರನ್ನು ಎರಡೂ ಕಡೆ ರೆಕ್ಕೆಯಂತೆ ಚಿಮ್ಮಿಸಿ, ಜೀಪನ್ನು ಬೆಣ್ಣೆಯಿಂದ ಕೂದಲೆಳೆದಂತೆ ಎಳೆದು ದಾಟಿಸಿತು. ಪದ್ಮಯ್ಯನಿಗೆ ಹುಗಿಯಬೇಕಾಗಿದ್ದದ್ದೇ ಮರೆತುಹೋಯಿತು. ಇಂಥದ್ದು ತನ್ನ ಬಾನೆಟ್ಟಿನ ಕೆಳಗೆ ಇದೆಯಲ್ಲ ಎಂದು ಕಣ್ಣು ತುಂಬಿ ಬಂತು. ಉಳಿದ ದಾರಿಯನ್ನು ಎರಡನೇ ಗೇರಿನಲ್ಲೇ ಹತ್ತಿಸಿದ.

ಮೇಲೆ ಇಳಿದ ಸಾಹೇಬರು ಹತ್ತಿ ಬಂದ ದಾರಿಯನ್ನು ನೋಡಿದರು, ಪದ್ಮಯ್ಯನನ್ನು ನೋಡಿದರು, ಮತ್ತೆ ದಾರಿಯನ್ನು ನೋಡಿದರು. ನೀಲಾವತಿ ಜಗಲಿಯಲ್ಲಿ ಅಕ್ಕಿರೊಟ್ಟಿ, ಜೇನು ಬಡಿಸಿದಳು. ಉಂಡು ಕೈತೊಳೆದು ಅವರು ಕಾಗದ ತೆಗೆದು ಒಂದೇ ಉಸಿರಿಗೆ ಬರೆದರು. ಕೇರಿಯೆಲ್ಲ ಜಗಲಿಯ ಕೆಳಗೆ ಕಾದಿತ್ತು.

"ಓದ್ತೀನಿ, ಕೇಳಿ," ಎಂದರು ಸಾಹೇಬರು. "'ಹದಿನೆಂಟು ವರ್ಷದ ನನ್ನ ಸೇವೆಯಲ್ಲಿ, ಎರಡು ಕಣ್ಣೂ ಮುಂದಿಟ್ಟುಕೊಂಡು ಓಡಿಸಿದವರು ಹಳ್ಳಕ್ಕೆ ಬಿದ್ದ ರಸ್ತೆಗಳನ್ನು ಕಂಡಿದ್ದೇನೆ. ಚಾಲಕನು ಹಿಮ್ಮುಖವಾಗಿ ಮೂರು ಮೈಲಿ ಏರಿದ ರಸ್ತೆಯನ್ನು ಇಂದೇ ಕಂಡದ್ದು. ತಿರುವಿನಲ್ಲಿ ನೀರು ಹರಿಯುತ್ತಿದ್ದರೂ ಚಕ್ರ ಹೂತುಹೋಗಲಿಲ್ಲ. ಇಷ್ಟು ಗಟ್ಟಿಯಾದ ರಸ್ತೆಗೆ ಹೊಸ ಕಾಮಗಾರಿ ಅನಗತ್ಯ.'"

ಬೋಜಪ್ಪ ತನ್ನ ಕಾಲಿನ ಕೆಸರನ್ನು ಪರೀಕ್ಷಿಸತೊಡಗಿದ.

ಪದ್ಮಯ್ಯನಿಗೆ ಬೆಳ್ಳಮ್ಮನ ಮುಖ ಕಂಡಿತು. ಅವಳ ಸೊಂಟದ ಮೇಲೆ ಮೊಮ್ಮಗ ಕೂತಿದ್ದ. ಮಾನ ಹೋದರೆ ಹೋಗಲಿ ಎಂದು ಎದ್ದು ನಿಂತ.

"ಸಾರ್, ನಿಜ ಹೇಳ್ತೇನೆ. ನಾನು ಹುಷಾರಿನವನಲ್ಲ, ರಸ್ತೆ ಒಳ್ಳೇದೂ ಅಲ್ಲ. ದೋಣಿಯ ಇಂಜಿನ್ ಹಾಕಿಸಿದ್ದೇನೆ, ಅದು ಎಡಚ. ರಿವರ್ಸ್ ಗೇರೂ ಹೋಗಿದೆ. ಈ ಗಾಡಿ ಮುಂದಕ್ಕೆ ಹೋಗೋದೇ ಇಲ್ಲ, ಕೆಟ್ಟುಹೋಗಿದೆ."

ಸಾಹೇಬರು ಕನ್ನಡಕ ತೆಗೆದರು. "ಮುಂದಕ್ಕೆ ಹೋಗೋದೇ ಇಲ್ವಾ?"

"ಒಂದು ಮೊಳವೂ ಇಲ್ಲ ಸಾರ್."

"ಅಂಥ ಗಾಡೀಲಿ ನನ್ನನ್ನ ಇಲ್ಲೀವರೆಗೆ ಕರ್ಕೊಂಡು ಬಂದ್ರಾ?"

"ಹೌದು ಸಾರ್. ತಪ್ಪಾಯ್ತು."

ಸಾಹೇಬರು ಅವನನ್ನೇ ನೋಡಿದರು. ಆಮೇಲೆ ಗೌರವದಿಂದ ತಲೆದೂಗಿ, ಕಾಗದವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಬರೆಯುತ್ತಲೇ ಗಟ್ಟಿಯಾಗಿ ಓದಿದರು: "'ಸದರಿ ವಾಹನವು ಮುಂದಕ್ಕೆ ಚಲಿಸಲಾರದಷ್ಟು ಕೆಟ್ಟಿರುವುದಾಗಿ ಮಾಲೀಕರೇ ಒಪ್ಪಿರುತ್ತಾರೆ. ಅಂಥ ವಾಹನವೂ ಸಲೀಸಾಗಿ ಏರಬಲ್ಲ ಈ ರಸ್ತೆಗೆ ಮುಂದಿನ ಹತ್ತು ವರ್ಷ ಯಾವ ದುರಸ್ತಿಯೂ ಬೇಕಾಗದು.'"

ಸಹಿ ಹಾಕಿ, ಶಾಯಿ ಆರಲೆಂದು ಮೆಲ್ಲಗೆ ಊದಿದರು.