‘ನಾಗರಿಕರ’ ಎಂಬ ಪದ ತೆಗೆಸಿದ ಕಥೆ

ಫ್ಲೆಕ್ಸ್ ಹಾಕಿಸುವುದೂ ಒಂದು ಕೆಲಸವೇ? ಕಾನ್ವೆಂಟಿನಲ್ಲಿ ಓದಿದವಳು ನಾನು. ವಾರ್ಷಿಕೋತ್ಸವದ ಬೋರ್ಡುಗಳನ್ನೆಲ್ಲ ಬರೆದು ಸಿಸ್ಟರ್ ಬಾಯಲ್ಲಿ ಶಹಬ್ಬಾಸ್ ಎನಿಸಿಕೊಂಡವಳು!

ನಮ್ಮ ಯಜಮಾನರ ಸೋದರತ್ತೆ ಶರಣಮ್ಮ ಇರುವುದು ಕಮಲಾಪುರದಲ್ಲಿ. ಅಲ್ಲಿ ವಯಸ್ಸಾದವರೆಲ್ಲ ಮಧ್ಯಾಹ್ನ ಕೂಡಿ ಉಣ್ಣುವ ಒಂದು ಕೇಂದ್ರವಿದೆ. ಅಲ್ಲ, ಇತ್ತು. ಸ್ಥಳೀಯ ಆಡಳಿತದ ಅನುದಾನದಲ್ಲಿ ಬಿಸಿ ಅನ್ನ, ಮೆತ್ತಗೆ ಬೆಂದ ಬೇಳೆ, ಆಗಾಗ ಬಿ.ಪಿ. ನೋಡುವ ನರ್ಸಮ್ಮ. ಹಲ್ಲಿಲ್ಲದ ಅತ್ತೆ ಹೊಟ್ಟೆ ತುಂಬ ಉಣ್ಣುತ್ತಿದ್ದುದು ಅದೊಂದೇ ಊಟ.

“ಜನ ಬರ್ತಾರೋ ಇಲ್ಲೋ ನೋಡ್ಲಿಕ್ಕೆ ಸಾಹೇಬ್ರು ಬರಾಕತ್ತಾರವಾ. ಜನ ಕಂಡ್ರs ಮುಂದಿನ ವರ್ಷದ ಅನುದಾನ ಅಂತ,” ಎಂದು ಅತ್ತೆ ಫೋನ್ ಮಾಡಿದರು.

“ನಾನಿಲ್ಲೇನ್ರಿ ಅತ್ತಿ? ಎಲ್ಲಾ ನನಗ ಬಿಡ್ರಿ.”

ಬಿಟ್ಟರು. ಅವರು ಮಾಡಿದ ತಪ್ಪು ಅದೊಂದೇ.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಫ್ಲೆಕ್ಸ್ ಅಂಗಡಿಗೆ ಹೋದೆ. ಕೇಂದ್ರಕ್ಕೆ ಬರುವ ಎಲ್ಲರ ಫೋಟೋ ಕೊಟ್ಟೆ.

“ಅಕ್ಕೋರೆ, ‘ಹಿರಿಯ ನಾಗರಿಕರ ಊಟ’ ಹಿಡ್ಸಂಗಿಲ್ರಿ. ಫೋಟೋ ಭಾಳ ಅವ,” ಎಂದ ಅಂಗಡಿಯವನು.

“ಹಂಗಾದ್ರ ನಾಗರಿಕರನ್ನ ತೆಗೀರಿ. ‘ಹಿರಿಯರ ಊಟ’ ಸಾಕು.”

“ಯಾವತ್ತರಿ ಕಾರ್ಯ?”

“ಮಹಾಲಯ ಅಮಾಸಿ ಹಿಂದಿನ ದಿನ.”

ಅವನು ಫೋಟೋಗಳನ್ನು ನೋಡಿದ. ಧ್ವನಿ ತಗ್ಗಿಸಿದ. “ಎಲ್ಲಾರೂ ಒಮ್ಮೆಗೇನ್ರಿ?”

“ಹೌದ್ರಿ, ಎಲ್ಲಾರೂ ಒಮ್ಮೆಗೇ!” ಎಂದೆ ಹೆಮ್ಮೆಯಿಂದ.

ಲೊಚಗುಟ್ಟಿದ. ನಾನು ಕೇಳದಿದ್ದರೂ ಪ್ರತಿ ಫೋಟೋದ ಸುತ್ತ ಚೆಂಡುಹೂವಿನ ಹಾರ ಕೂಡಿಸಿ, ಎರಡೂ ಬದಿಗೆ ದೀಪ ಇಟ್ಟ. “ದೀಪಕ್ಕ ರೊಕ್ಕ ಬ್ಯಾಡ್ರಿ,” ಎಂದ. ಎಂಥ ಒಳ್ಳೆಯ ಮನುಷ್ಯ!

ಮನೆಯಲ್ಲಿ ಯಜಮಾನರು ಸುರುಳಿಯ ತುದಿ ಬಿಚ್ಚಿ, ಹೂವು ನೋಡಿ, “ಯಾರ್ ಹೋದ್ರು?” ಎಂದರು.

“ನಾನs ಹೊಂಟೀನಿ, ಕಮಲಾಪುರಕ್ಕ!” ಎಂದು ಕಸಿದುಕೊಂಡೆ.

ಅದೇ ಸಂಜೆ ಕೇಂದ್ರದ ಮುಂದೆ, ರಸ್ತೆಗೆ ಕಾಣುವಂತೆ ಅದನ್ನು ಕಟ್ಟಿಸಿದೆ. ಮರುದಿನ ಸಾಲಾಗಿ ಬಾಳೆಲೆ ಹಾಸಿದೆ. ಪ್ರತಿ ಎಲೆಯ ತುದಿಗೆ ಊರಿನ ಹೆಸರುವಾಸಿ ಕೆಂಪು ಬಾಳೆಹಣ್ಣು ಒಂದೊಂದು. ನೊಣ ಬಾರದಿರಲೆಂದು ಊದಿನಕಡ್ಡಿ ಬೇರೆ!

ಸಾಹೇಬರು ಬಂದರು. ಗೋಡೆಯ ಮೇಲೆ ಕಾಗೆಗಳು ಬಂದವು. ಜನ ಬರಲಿಲ್ಲ.

ಬಂದವರು ಅತ್ತೆಯ ಗೆಳತಿ ರಸೂಲ್ ಬೀ ಒಬ್ಬರೇ. “ಅವ್ರು ಬರಂಗಿಲ್ಲ ಬೇಟಿ. ‘ಹಿರ್ಯಾರ ಊಟ’ ಅಂದ್ರ ಸತ್ತೋರಿಗಿಡೋ ಎಡಿ ಅಂತ! ನಮ್ಮಲ್ಲಿ ಆ ರಿವಾಜ್ ಇಲ್ಲ, ಅದಕ್ಕ ನಾ ಬಂದೀನಿ. ಬಡಸು.”

ನನಗೆ ಗೊತ್ತಿಲ್ಲದ್ದಲ್ಲ. ಪ್ರತಿ ವರ್ಷ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವವಳು ನಾನೇ. ಅಂಗಡಿಯಲ್ಲಿ ನೆನಪಾಗಬೇಕಲ್ಲ!

ಅತ್ತೆಯ ಮನೆಗೆ ಓಡಿದೆ. ಒಳಗಿನಿಂದ ಅಗಳಿ ಹಾಕಿತ್ತು.

“ಅತ್ತಿ, ನಿಮ್ಮೂಟಾನೇ ಅದ! ಬರ್ರಿ, ಸಾಹೇಬ್ರು ನಿಂತಾರ!”

“ನಮ್ಮೂಟಾನೇ ಅಂತ ಗೊತ್ತದವಾ. ಆದ್ರ ತಮ್ಮ ಎಡಿ ತಾವs ಉಂಡು ಬದುಕಿದೋರು ಯಾರರ ಅದಾರೇನು? ಮೊದಲ ಕಾಗಿ ಉಣ್ಲಿ, ಆಮ್ಯಾಲ ಬರ್ತೀನಿ ಹೋಗು!”

ಪಕ್ಕದ ಮನೆಯ ಅಜ್ಜ, ಹಾರದೊಳಗೆ ತನ್ನ ಮುಖ ಕಂಡಾಗಿನಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ.

ಮರಳಿ ಬಂದಾಗ ಸಾಹೇಬರು ರಸೂಲ್ ಬೀಯನ್ನೇ ನೋಡುತ್ತಿದ್ದರು. “ಇವ್ರೊಬ್ರೇನ್ರಿ?” ನಾನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಬಹಳ ಗೌರವದಿಂದ ತಲೆಯಾಡಿಸಿ, ‘ಬೇಡಿಕೆ ಇಲ್ಲ’ ಎಂದು ಬರೆದುಕೊಂಡು ಹೋದರು.

ಕೇಂದ್ರಕ್ಕೆ ಬೀಗ ಬಿತ್ತು. ಆದರೆ ಅನುದಾನ ಪೋಲಾಗಲಿಲ್ಲ. ಊರಾಚೆಯ ರುದ್ರಭೂಮಿಗೆ ತಗಡಿನ ಶೆಡ್ ಬಂತು. ಹಿರಿಯರ ಹಣ ಹಿರಿಯರಿಗೇ ಮುಟ್ಟಿತು!

ಈಗ ಅತ್ತೆ ಒಣರೊಟ್ಟಿಯನ್ನು ನೀರಲ್ಲಿ ನೆನೆಸಿ ನುಂಗುತ್ತಾರೆ. ಬಳೆಗಳು ಮೊಣಕೈವರೆಗೆ ಜಾರುತ್ತವೆ. ಆದಾಗಲೊಮ್ಮೆ ನಾನು ಬಸ್ಸಿನಲ್ಲಿ ಡಬ್ಬಿ ಒಯ್ಯುತ್ತೇನೆ. ಮೊನ್ನೆ ಮುಚ್ಚಳ ತೆಗೆದರೆ ಅತ್ತೆ ಕೈ ಅಡ್ಡ ಹಿಡಿದರು.

“ಮೊದಲ ಕಾಗಿಗಿಡವಾ. ನಿನ್ನ ಲೆಕ್ಕದಾಗ ನಾ ಹೋದಾಕಿ ಅಲ್ಲೇನು?”

ಗೋಡೆಯ ಮೇಲೆ ಒಂದು ತುತ್ತು ಇಟ್ಟೆ. ಕಾಗೆ ಬಂತು. ಕತ್ತು ಓರೆ ಮಾಡಿ ಅನ್ನ ನೋಡಿತು, ನನ್ನನ್ನು ನೋಡಿತು.

ಮುಟ್ಟದೆ ಹಾರಿಹೋಯಿತು!