ಸುಣ್ಣದ ಸಾಹೇಬರ ಏಣಿ

ಗಂಡನ ತಿಥಿ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೊದಲ ಬೆಳಗ್ಗೆ ಅವಳು ಪೊರಕೆ ಹುಡುಕುತ್ತಿದ್ದಳು. ಸಹಾಯಕ್ಕೆಂದು ಬಂದವರು ಮನೆಯ ಪ್ರತಿ ವಸ್ತುವನ್ನೂ ಬೇರೆ ಜಾಗದಲ್ಲಿಟ್ಟು ಹೋಗಿದ್ದರು. ಪೊರಕೆ ಸಿಗುವ ಮೊದಲೇ ಫೋನ್ ಬಂತು.

"ಅಕ್ಕಾ, ಈ ಹೊತ್ತಲ್ಲಿ ಕೇಳಬಾರದು," ಎಂದ ಲೈನ್‌ಮನ್. "ಆದ್ರೆ ಇವತ್ತು ಐದು ಗಂಟೆಗೆ ದೊಡ್ಡ ಸಾಹೇಬ್ರು ಬಂದು ಸಾಮಾನು ಎಣಿಸ್ತಾರೆ. ನಿಮ್ಮ ಯಜಮಾನ್ರು ಒಯ್ದಿದ್ದ ಆ ಏಣಿ ನಮ್ಮ ಕರೆಂಟ್ ಆಫೀಸಿಂದು. ಇಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ. ನಾನಿಲ್ಲಿ ಊರಾಚೆ ಕಂಬದ ಮೇಲಿದ್ದೀನಿ."

"ತಂದುಕೊಡ್ತೀನಿ," ಎಂದಳು. ಹಲವು ದಿನಗಳ ನಂತರ ಅವಳಾಡಿದ ಮೊದಲ ಪೂರ್ತಿ ವಾಕ್ಯ ಅದು.

ಅವಳ ಗಂಡ ಪುರಸಭೆಯ ಹವಾಮಾನ ಹೊಂದಾಣಿಕೆ ವಿಭಾಗ. ವಿಭಾಗದಲ್ಲಿ ಇದ್ದವನಲ್ಲ, ವಿಭಾಗವೇ ಅವನು, ಜೊತೆಗೊಂದು ಮೇಜು. ದೊಡ್ಡ ನಗರಗಳಿಗೆ ತಜ್ಞರು, ನಕ್ಷೆಗಳು, ದಪ್ಪ ವರದಿಗಳು ಹೋಗುತ್ತವೆ. ಈ ಊರಿಗೆ ಬಂದದ್ದು ಒಂದು ಸುತ್ತೋಲೆ: ಬಿಸಿಲು ವರ್ಷವರ್ಷ ಏರುತ್ತಿದೆ, ಸೂಕ್ತ ಕ್ರಮ ಕೈಗೊಳ್ಳಿ. ಅವನು ಎರಡು ದಿನಕ್ಕೆಂದು ಏಣಿ ಎರವಲು ತಂದ, ಸುಣ್ಣಕ್ಕೆ ಅಂಟು ಕಲಸಿದ, ತಗಡಿನ ಚಾವಣಿಗಳಿಗೆ ಬಿಳಿ ಬಳಿಯತೊಡಗಿದ. ಬಿಳಿ ಬಿಸಿಲನ್ನು ಬಂದ ದಾರಿಯಲ್ಲೇ ಹಿಂದಕ್ಕಟ್ಟುತ್ತದೆ. ಮನೆಯೊಳಗೆ ನಾಲ್ಕು ಡಿಗ್ರಿ ಕಡಿಮೆ. ಎರಡು ಬೇಸಿಗೆಗಳಲ್ಲಿ ಇನ್ನೂರ ಹನ್ನೊಂದು ಚಾವಣಿಗಳಾದವು. ಜನ 'ಸುಣ್ಣದ ಸಾಹೇಬ್ರು' ಎಂದು ಕರೆದರು. ಆಮೇಲೆ ಮೂರು ದಿನದ ಜ್ವರ.

ಏಣಿ ಹದಿನಾಲ್ಕು ಅಡಿಯದು. ಮಧ್ಯಾಹ್ನ ಅವಳು ಒಂದು ತುದಿ ಎತ್ತುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇನ್ನೊಂದು ತುದಿ ಹಿಡಿದಿದ್ದರು.

"ಬೇಡಿ ಮೇಷ್ಟ್ರೇ, ನಿಮ್ಮ ಮಂಡಿ..."

"ಮಂಡಿ ಕೆಳಗಿದೆ, ಏಣಿ ಮೇಲಿದೆ. ನಡಿಯಮ್ಮ."

ಹಿಂದಿನಿಂದ ಅವರು ಹಡಗಿನ ಕಪ್ತಾನನಂತೆ ಅಪ್ಪಣೆ ಕೊಡುತ್ತ ಬಂದರು. ಮೊದಲ ತಿರುವಿನಲ್ಲೇ "ಬಲಕ್ಕೆ!" ಎಂದರು, ಹಿಂದಿನ ತುದಿ ಎಡಕ್ಕೆ ಬೀಸಿ ಹೂಕುಂಡವೊಂದು ಉರುಳಿತು.

ಕುಂಡದ ಸದ್ದಿಗೆ ಹೊರಬಂದ ಹೊಲಿಗೆಯಾಕೆ ಏಣಿ ನೋಡಿದ್ದೇ ತಡ, ಕುಂಡವನ್ನು ಮರೆತಳು. "ದೇವರು ಬಂದಂಗೆ ಬಂದ್ರಿ! ಬಿಳಿ ಬಳಿದ್ರೂ ನಮ್ಮನೆ ಮೊದಲಿಗಿಂತ ಜಾಸ್ತಿ ಬೇಯ್ತಿದೆ. ಸಾಹೇಬ್ರಿದ್ದಿದ್ರೆ ಕೇಳ್ತಿದ್ದೆ."

ಇವಳು ಏಣಿ ಹಾಕಿ ಹತ್ತಿ ನೋಡಿದಳು. ಚಾವಣಿಯ ಉದ್ದಕ್ಕೂ ಕಪ್ಪು ಟಾರ್ಪಾಲು ಹೊದಿಸಿ, ಮೂಲೆಗಳಿಗೆ ಇಟ್ಟಿಗೆ ಹೇರಿತ್ತು.

"ಇದ್ಯಾಕೆ?"

"ಅಯ್ಯೋ, ಬಿಳಿ ಬಣ್ಣ ಅಲ್ವಾ ಅಕ್ಕ, ಕೊಳೆಯಾಗ್ಬಾರದು ಅಂತ. ಸಾಹೇಬ್ರು ಅಷ್ಟು ಕಷ್ಟಪಟ್ಟು ಬಳಿದಿದ್ರು."

ಮೇಷ್ಟ್ರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಅವಳು ಟಾರ್ಪಾಲು ಬಿಚ್ಚಿ ಕೆಳಗೆಸೆದಳು. ಒಳಗಿನ ಬಿಳಿ ಮದುಮಗಳ ಸೀರೆಯಂತೆ ಮಡಿಯಾಗಿತ್ತು.

ಆ ಬೀದಿ ದಾಟುವುದರೊಳಗೆ ಇನ್ನೂ ಮೂರು ಮನೆಯವರು "ಐದೇ ನಿಮಿಷ" ಕೇಳಿದರು. ಒಬ್ಬಾತ ಹೊರಗೆ ಯಾರಿಗೂ ಕಾಣುವುದಿಲ್ಲವೆಂದು ಚಾವಣಿಯ ಒಳಮೈಗೆ ಬಳಿದುಕೊಂಡು, ಸುಣ್ಣ ಉದುರಿ ಅಜ್ಜನಂತೆ ನರೆತು ಕೂತಿದ್ದ. ಎಲ್ಲರ ಗೋಡೆಯಲ್ಲೂ ಅವಳ ಗಂಡ ತೂಗುಹಾಕಿದ ಉಷ್ಣಮಾಪಕ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲು, ಮಧ್ಯಾಹ್ನ ಎರಡರ ಲೆಕ್ಕ ಬರೆದ ಚೀಟಿ. ಅವನು ಹೋದ ದಿನವೂ ಬರೆದಿದ್ದರು. ಮರುದಿನವೂ. ಅವಳು ಪ್ರತಿ ಚೀಟಿಯನ್ನೂ ಓದಿ ಏಣಿ ಎತ್ತಿಕೊಂಡಳು.

ನಾಲ್ಕು ಗಂಟೆಗೆ ಶಿಶುವಿಹಾರದ ಮುಂದೆ ಆಯಾ ಅಡ್ಡ ನಿಂತಳು.

"ಇಲ್ಲ," ಎಂದಳು ಅವಳು, ಆಯಾ ಬಾಯಿ ತೆರೆಯುವ ಮೊದಲೇ. "ಲೈನ್‌ಮನ್ ಕೆಲಸ ಹೋಗುತ್ತೆ."

"ಒಳಗೊಮ್ಮೆ ನೋಡಿ, ಆಮೇಲೆ ಹೋಗಿ."

ಹದಿನಾಲ್ಕು ಮಕ್ಕಳು ಒದ್ದೆ ಬಟ್ಟೆ ಹೊದ್ದು ನೆಲಕ್ಕಂಟಿದ್ದವು. ಗೋಡೆಯಲ್ಲಿ ನಲವತ್ತು ಡಿಗ್ರಿ. ಆಯಾ ಸುಣ್ಣ ಕಲಸಿಟ್ಟಿದ್ದಳು, ಅಂಟೂ ಹಾಕಿದ್ದಳು. ಆದರೆ ಅವಳು ಹತ್ತಿದರೆ ಏಣಿ ಉಳಿಯುವಂತಿರಲಿಲ್ಲ.

"ಅರ್ಧ ಗಂಟೆ," ಎಂದು ಸೆರಗು ಸಿಕ್ಕಿಸಿ ಇವಳೇ ಹತ್ತಿದಳು.

ಚಾವಣಿಯ ಅರ್ಧ ಬೆಳ್ಳಗಿತ್ತು. ಯಾರೋ ಕರೆದರೆಂದು ಮಾತು ಅರ್ಧಕ್ಕೇ ಬಿಟ್ಟು ಎದ್ದಂತೆ ಬಿಳಿ ನಡುವಲ್ಲಿ ನಿಂತಿತ್ತು. ಕೊನೆಯ ಎಳೆತ ಸ್ವಲ್ಪ ಬಲಕ್ಕೆ ವಾಲಿತ್ತು. ಅವನ ಸಹಿಯೂ ಹಾಗೆಯೇ ವಾಲುತ್ತಿತ್ತು. ಅವಳು ಅಲ್ಲಿಂದಲೇ ಕುಂಚ ಇಟ್ಟಳು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಇನ್ನೂರ ಹನ್ನೊಂದು ಎಂದರೆ ಎಷ್ಟು ಎಂಬುದು ಅವಳಿಗೆ ಹತ್ತನೇ ತಗಡಿಗೆ ಭುಜದಲ್ಲಿ ಗೊತ್ತಾಯಿತು.

"ಮೂವತ್ತೊಂಬತ್ತೂವರೆ!" ಎಂದಳು ಕೆಳಗಿನಿಂದ ಆಯಾ.

"ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಹೇಳ್ಬೇಡಮ್ಮ," ಎಂದು ಮೇಷ್ಟ್ರು ಗದರಿದರು. ಒಂದು ನಿಮಿಷ ಬಿಟ್ಟು ಅವರೇ ಕೇಳಿದರು, "ಈಗೆಷ್ಟು?"

ಐದಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ತಗಡು ಮುಗಿಯಿತು. ಅದೇ ಹೊತ್ತಿಗೆ ಕೆಳಗೆ ಯಾರೋ ಏದುಸಿರು ಬಿಡುತ್ತಿದ್ದರು.

"ಇಲ್ಲೇ ಇದೆಯಾ! ಬದುಕಿದೆ ಮೇಷ್ಟ್ರೇ! ಬೇಗ ಆ ಕಡೆ ಹಿಡೀರಿ, ಸಾಹೇಬ್ರ ಜೀಪು ಬಂದಾಯ್ತು. ಅಕ್ಕನಿಗೆ ಹೇಳಿ, ಅವರ ಉಪಕಾರ ಮರೆಯಲ್ಲ!"

"ನಡಿ ನಡಿ! ಎಡಕ್ಕೆ!"

ಅವಳು ಅಂಚಿಗೆ ಬಂದಾಗ ಏಣಿ ಬೀದಿಯ ತಿರುವಿನಲ್ಲಿ ಓಡುತ್ತಿತ್ತು. ಮುಂದೆ ಲೈನ್‌ಮನ್, ಹಿಂದೆ ಮಂಡಿ ಮರೆತ ಮೇಷ್ಟ್ರು. ಅವಳ ಕೂಗು ಮುಟ್ಟುವ ಮೊದಲೇ ಇಬ್ಬರೂ ಮರೆಯಾದರು. ಹಿಂದೆ ಹಸಿ ಸುಣ್ಣ, ಮುಂದೆ ಹನ್ನೆರಡು ಅಡಿ ಗಾಳಿ. ಕಾಲಿಡಲು ಉಳಿದಿದ್ದ ಒಂದು ಗೇಣು ಜಾಗದಲ್ಲಿ ಅವಳು ಮೆಲ್ಲಗೆ ಕೂತಳು.

"ಅಕ್ಕಾ, ಮೂವತ್ತೇಳು! ಮಕ್ಕಳು ಎದ್ದು ಜಗಳ ಶುರುಮಾಡಿದ್ವು!" ಎಂದು ಕೂಗುತ್ತ ಆಯಾ ಹೊರಬಂದಳು. "ಕೆಲಸ ಮುಗೀತಲ್ಲ, ಇಳೀರಿ, ಮನೆಗೆ ಹೋಗ್ಬೇಡ್ವಾ?"

"ಏಣಿ ವಾಪಸ್ ಕೊಟ್ಟಾಯ್ತು," ಎಂದು ಮೇಲಿನಿಂದ ಉತ್ತರ ಬಂತು.