ಭಾವನ ಥಿಯೇಟರಿನ ನಡುವಿನ ಕುರ್ಚಿ

ನಮ್ಮ ಭಾವನ ಥಿಯೇಟರಿನಲ್ಲಿ ಸಿನಿಮಾ ನೋಡಬೇಕಾದರೆ ಚಪ್ಪಲಿಯನ್ನಷ್ಟೇ ಅಲ್ಲ, ಕೈಬಳೆಯನ್ನೂ ಬಾಗಿಲಾಚೆ ಬಿಚ್ಚಿಟ್ಟು ಬರಬೇಕು. ಹೀಗೆಂದು ತರೀಕೆರೆಯ ನನ್ನ ಸಹೋದ್ಯೋಗಿಗಳಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕುಳಿತರೆ ಅನುಮಾನ. ಬಳೆ ಬಿಚ್ಚಿಸಿದ್ದು ನಿಜವೋ, ಅಥವಾ ‘ಬಳೆ ಸದ್ದು ಮಾಡ್ಬೇಡ’ ಎಂದಷ್ಟೇ ಅವರು ಹೇಳಿದ್ದನ್ನು ನಾನೇ ಹೇಳುತ್ತಾ ಹೇಳುತ್ತಾ ಬೆಳೆಸಿದೆನೋ? ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಅದನ್ನು ಬರೆದವಳೂ ನಾನೇ ತಾನೆ? ಹೊಟ್ಟೆಕಿಚ್ಚಿನಿಂದ ನೋಡಿದ್ದೆಲ್ಲ ನೆನಪಿನಲ್ಲಿ ಒಂದು ಗೇಣು ಹೆಚ್ಚೇ ಬೆಳೆದಿರುತ್ತದೆ. ಓದುವವರು ಅಲ್ಲಲ್ಲಿ ಒಂದೊಂದು ಗೇಣು ಕಳೆದುಕೊಂಡು ಓದಬೇಕು.

ಹೊಟ್ಟೆಕಿಚ್ಚು ಮಾತ್ರ ನಿಜ. ಅದರಲ್ಲಿ ಏನನ್ನೂ ಕಳೆಯುವುದು ಬೇಡ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಇನ್ನೂ ನೀರು ಉಳಿದಿದೆಯೋ, ಕೆಟ್ಟಿದೆಯೋ ಹೇಳಿಬಿಡುತ್ತಾರೆ. ಈ ಅಭ್ಯಾಸ ಕಾಯಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಔಷಧಿ ಬಾಟಲಿ, ಸೂಟ್‌ಕೇಸು, ಗೋಡೆ ಗಡಿಯಾರ, ಏನು ಕೈಗೆ ಸಿಕ್ಕರೂ ಅಲ್ಲಾಡಿಸಿ ಕಿವಿಗೊಡುವುದೇ. ನನ್ನ ಮದುವೆಯಲ್ಲಿ ಮದುಮಗನ ಕೈ ಕುಲುಕಿದವರು ಬಹಳ ಹೊತ್ತು ಬಿಡಲೇ ಇಲ್ಲ. ಆಮೇಲೆ ನನ್ನ ಹತ್ತಿರ ಬಂದು, “ಗಟ್ಟಿಯಾಗೈತೆ ಕಣಮ್ಮ, ಆದ್ರೆ ಇನ್ನೂ ಸ್ವಲ್ಪ ನೀರೈತೆ” ಎಂದರು. ಅದು ನಿಜವಾಯಿತೋ ಇಲ್ಲವೋ ಎಂಬುದು ಈ ಪ್ರಬಂಧದ ವಿಷಯವಲ್ಲ.

ಇಂಥವರು ಇದ್ದಕ್ಕಿದ್ದಂತೆ ಮನೆಯ ಹಿಂದಿನ ಕೊಬ್ಬರಿ ಗೋದಾಮು ಖಾಲಿ ಮಾಡಿಸಿ, ಅದರೊಳಗೆ ಸಿನಿಮಾ ಥಿಯೇಟರು ಕಟ್ಟಿಸಲು ಹೊರಟರು. ಗೋಡೆ ಅಗಲದ ಪರದೆ, ಸೂರಿಗೆ ಪ್ರೊಜೆಕ್ಟರು, ನಾಲ್ಕೂ ಕಡೆ ಸ್ಪೀಕರು, ಹಿಂದಕ್ಕೆ ಮಲಗುವ ಕುರ್ಚಿಗಳು. ಸುದ್ದಿ ತಿಳಿದ ದಿನ ನಾನು ಗಂಡನಿಗೆ ಹೇಳಿದೆ, “ನಮ್ಮನೇಲೂ ಒಂದು ಚಿಕ್ಕದಾಗಿ ಮಾಡಿಸೋಣ.”

ಅವರು ಫೋನಿನಿಂದ ತಲೆಯೆತ್ತದೆ, “ಮಾಡ್ಸೋಣ. ಮೊದ್ಲು ಟೀವಿ ಮುಂದಿರೋ ಬಟ್ಟೆ ರಾಶಿ ಮಡಚಿಡು, ಟೀವಿ ಎಲ್ಲೈತೆ ಅಂತ ಗೊತ್ತಾಗ್ಲಿ” ಎಂದರು.

ಅಕ್ಕನ ಮನೆಯ ಟೀವಿಯಾದರೋ ಬೀದಿ ಕೊನೆಯವರೆಗೂ ಕೇಳುತ್ತಿತ್ತು. ಪಕ್ಕದ ಮನೆಯವರು ಬಂದು ದೂರು ಹೇಳಿ ಹೋಗಿದ್ದರಂತೆ. ಭಾವನಿಗೆ ಜೋರು ಸದ್ದಿನ ಹುಚ್ಚು, ಅದಕ್ಕೇ ಸದ್ದು ಹೊರಗೆ ಹೋಗದ ಕೋಣೆ ಕಟ್ಟಿಸುತ್ತಿದ್ದಾರೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಅಕ್ಕನೂ ಬದಲಾಗಿದ್ದಳು. ಮುಂಚೆ ಫೋನ್ ಹಿಡಿದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಬಿಡದವಳು, ಈಗ “ಹೂಂ, ಹೂಂ, ಚೆನ್ನಾಗಿದೀವಿ ಕಣೇ. ತಗೋ, ಇವರ ಹತ್ರ ಮಾತಾಡು” ಎಂದು ಭಾವನ ಕೈಗೆ ಕೊಟ್ಟುಬಿಡುತ್ತಿದ್ದಳು. ಥಿಯೇಟರಿನ ಯಜಮಾನಿತಿಗೆ ತಂಗಿ ಯಾಕೆ ಬೇಕು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕುದಿಯುತ್ತಿದ್ದವಳು ಸುಮ್ಮನೆ ತರೀಕೆರೆಯಲ್ಲಿರಬಹುದಿತ್ತು. ಇರಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಕಡೂರಿಗೆ ಹೋಗಿ ಹೊಟ್ಟೆಗೆ ಇನ್ನೊಂದಿಷ್ಟು ಕಿಚ್ಚು ಹಾಕಿಸಿಕೊಂಡು ಬರುತ್ತಿದ್ದೆ.

ಥಿಯೇಟರಿನ ವಿನ್ಯಾಸಕ್ಕೆ ಬೆಂಗಳೂರಿನಿಂದ ಒಬ್ಬ ಡಿಸೈನರ್ ಬಂದಿದ್ದ. ಪರದೆ ದಕ್ಷಿಣದ ಗೋಡೆಗೆ ಎಂದು ನಕ್ಷೆ ಬರೆದಿದ್ದ. ಅಕ್ಕನ ಅತ್ತೆ ಬಂದು ಕುರ್ಚಿ ಹೇಗೆ ಮಲಗುತ್ತದೆ ಎಂದು ಕೇಳಿ ತಿಳಿದುಕೊಂಡರು. ಸ್ವಲ್ಪ ಲೆಕ್ಕ ಹಾಕಿದರು. “ಅಲ್ಲಪ್ಪಾ, ದಕ್ಷಿಣಕ್ಕೆ ಮುಖ ಮಾಡಿ ಕೂತು ಹಿಂದಕ್ಕೆ ಮಲಗಿದ್ರೆ ತಲೆ ಯಾವ ಕಡೀಕೆ ಬತ್ತದೆ?”

“ಉತ್ತರಕ್ಕೆ, ಅಮ್ಮ.”

“ಉತ್ತರಕ್ಕೆ ತಲೆ ಹಾಕಿ ಮಲಗ್ಸೋದು ಯಾರನ್ನ ಅಂತ ನಿಮ್ಮೂರಾಗೆ ಹೇಳ್ಕೊಟ್ಟಿಲ್ವಾ?”

ಪರದೆ ಉತ್ತರದ ಗೋಡೆಗೆ ಹೋಯಿತು. ಆ ಗೋಡೆಯಲ್ಲಿದ್ದ ಬಾಗಿಲು ಮುಚ್ಚಿಸಿ ಪೂರ್ವಕ್ಕೆ ಹೊಸ ಬಾಗಿಲು ಒಡೆದರು. ಡಿಸೈನರ್ ಹಳೆಯ ನಕ್ಷೆಯನ್ನು ಸುತ್ತಿಡುತ್ತಾ, ಗಿರಾಕಿಗಳು ಈವರೆಗೆ ಏನೇನೋ ಕೇಳಿದ್ದಾರೆ, ಯಮನ ದಿಕ್ಕನ್ನು ನೋಡಿ ಸ್ಪೀಕರ್ ಇಟ್ಟದ್ದು ಇದೇ ಮೊದಲು ಎಂದ.

ಸ್ಪೀಕರು ಎಲ್ಲೆಲ್ಲಿ ಎಂದು ಗೊತ್ತುಮಾಡುವ ದಿನ ನಾನೂ ಅಲ್ಲಿದ್ದೆ. ಡಿಸೈನರ್ ಕೋಣೆಯ ನಡುವೆ ಒಂದು ಮೈಕು ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಸದ್ದಿನ ಏರಿಳಿತದ ಗೆರೆಗಳನ್ನು ನೋಡುತ್ತಿದ್ದ. ಭಾವ ಆ ಮೈಕನ್ನು ಎತ್ತಿ ಪಕ್ಕಕ್ಕಿಟ್ಟರು. (ಒಮ್ಮೆ ಅಲ್ಲಾಡಿಸಿ ನೋಡಿದರು ಎಂದೂ ನನ್ನ ನೆನಪು. ಇಲ್ಲಿ ಒಂದು ಗೇಣು ಕಳೆಯಬಹುದು.) ಅದೇ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಕ್ಕನನ್ನು ಕೂರಿಸಿದರು. ಮೂಲೆ ಮೂಲೆಗೆ ಗೋದಾಮಿನ ಆಳುಗಳು, ಅವರ ಕೈಯಲ್ಲಿ ಒಂದೊಂದು ಒಣಕಾಯಿ.

“ಕಣ್ಣು ಮುಚ್ಕೋ. ಎಲ್ಲಿಂದ ಸದ್ದು ಬತ್ತೈತೋ ಆ ಕಡೆ ಕೈ ತೋರ್ಸು” ಎಂದು ಅಕ್ಕನ ಕಿವಿಯ ಬಳಿ ಬಗ್ಗಿ ಹೇಳಿ, ಭಾವ ಸನ್ನೆ ಮಾಡಿದರು. ಮುಂದಿನ ಮೂಲೆಯವನು ಕಾಯಿ ಅಲ್ಲಾಡಿಸಿದ. ಲೊಡಲೊಡ ಲೊಡಲೊಡ. ಅಕ್ಕ ಸುಮ್ಮನೆ ಕೂತಿದ್ದಳು. ಭಾವ ಭುಜ ಮುಟ್ಟಿದ ಮೇಲೆ ಅವಸರದಿಂದ ಹಿಂದಕ್ಕೆ ಕೈ ತೋರಿಸಿದಳು.

“ಅಕ್ಕಾ, ಅಲ್ಲಿ ಯಾರೂ ಅಲ್ಲಾಡ್ಸಿಲ್ಲ ಕಣೇ! ನಿದ್ದೆ ಹೊಡೀತಿದೀಯಾ?” ಎಂದು ನಾನು ಬಿದ್ದು ಬಿದ್ದು ನಕ್ಕೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ನಮಗಿಂತ ಒಂದು ಕ್ಷಣ ತಡವಾಗಿ. ಭಾವ ನಗಲಿಲ್ಲ. ಇನ್ನೊಂದು ಮೂಲೆ, ಮತ್ತೊಂದು ಮೂಲೆ ಎಂದು ಸನ್ನೆ ಮಾಡುತ್ತಲೇ ಹೋದರು. ಅಕ್ಕನ ಕೈ ಸದ್ದಿಲ್ಲದ ದಿಕ್ಕಿಗೆಲ್ಲ ಹೋಯಿತು. ಕೊನೆಗೆ ಭಾವ ಒಬ್ಬ ಆಳಿನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದರು. ಅವನು ಕೊಬ್ಬರಿ ಮೂಟೆಯೊಂದನ್ನು ಹೆಗಲಿಗೇರಿಸಿಕೊಂಡು ಬಂದು ಎಡಗಡೆ ನೆಲಕ್ಕೆ ಹಾಕಿದ. ದಬ್!

ಅಕ್ಕ ಥಟ್ಟನೆ ಎಡಕ್ಕೆ ತಿರುಗಿದಳು.

ಭಾವನ ಮುಖ ನೋಡಬೇಕಿತ್ತು. ಲಾರಿ ತುಂಬ ಒಳ್ಳೆಯ ಕೊಬ್ಬರಿ ಬಂದಿಳಿದ ದಿನವೂ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. “ಇದು ಕಣ್ರೀ. ಈ ಸದ್ದು ಬೇಕು ನಂಗೆ.”

“ಸರ್, ಮೂಟೆ ಬಿದ್ದ ಸದ್ದಾ?” ಡಿಸೈನರ್ ಕೇಳಿದ.

“ಹೂಂ. ಸಿನಿಮಾದಾಗೆ ಎಷ್ಟು ಮೂಟೆ ಬೀಳ್ತಾವೋ ಅಷ್ಟೂ ಈ ನಡುವಿನ ಕುರ್ಚಿಗೇ ಬೀಳ್ಬೇಕು.”

ಈ ಪ್ರಸಂಗವನ್ನು ತರೀಕೆರೆಯಲ್ಲಿ ಅಭಿನಯ ಸಮೇತ ಹೇಳಿ ಸಾಕಷ್ಟು ನಗು ಗಿಟ್ಟಿಸಿದ್ದೇನೆ.

ಥಿಯೇಟರಿನ ಪ್ರಾರಂಭದ ಪೂಜೆಗೆ ನೆಂಟರೆಲ್ಲ ಸೇರಿದ್ದರು. ಗೋಡೆಗೆ ಮೆತ್ತನೆಯ ಬೂದು ಬಟ್ಟೆ, ನೆಲಕ್ಕೆ ಜಮಖಾನೆಗಿಂತ ದಪ್ಪದ ಹಾಸು. ಇಷ್ಟಾದರೂ ಕೊಬ್ಬರಿಯ ವಾಸನೆ ಮಾತ್ರ ಹೋಗಿರಲಿಲ್ಲ. ಅಕ್ಕನ ಅತ್ತೆ ಪ್ರತಿ ಸ್ಪೀಕರಿಗೂ ವಿಭೂತಿ, ಕುಂಕುಮ ಇಟ್ಟರು. ಸೂರಿನಲ್ಲಿದ್ದ ಪ್ರೊಜೆಕ್ಟರಿಗೂ ಆಗಲೇಬೇಕೆಂದು ಹಟ ಹಿಡಿದು ಏಣಿ ಹಾಕಿಸಿ, ಹತ್ತಿದವರಿಗೆ ಕೆಳಗಿನಿಂದ ಅಪ್ಪಣೆ ಕೊಟ್ಟರು, “ಮುಂದ್ಗಡೆ ದುಂಡಗೆ ಒಂದು ಗಾಜೈತಲ್ಲ, ಅದೇ ಅದ್ರ ಮುಖ. ಅಲ್ಲೇ ಇಡು.”

ಮೊದಲ ಪ್ರದರ್ಶನದಲ್ಲಿ ಹಿಮದ ಬೆಟ್ಟಗಳೂ ಕೆಂಪು ಮಬ್ಬಿನಲ್ಲಿ ಕಂಡವು. ನಾಯಕನ ಮುಖ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ನೆಂಟರು, “ಏನ್ ಕಲರ್ರೀ, ಟಾಕೀಸ್‌ನಾಗೂ ಹಿಂಗಿರಲ್ಲ” ಎಂದು ತಲೆದೂಗಿದರು. ಡಿಸೈನರ್ ಏಣಿ ಹತ್ತಿ ಗಾಜು ಒರೆಸಿ ಇಳಿದಾಗ ಅವನ ಕಣ್ಣಿನಲ್ಲಿ ನೀರಿತ್ತು. ಚಿತ್ರ ಸ್ಫಟಿಕದಂತೆ ಮೂಡಿತು. ಅಕ್ಕನ ಅತ್ತೆ ಸ್ವಲ್ಪ ಹೊತ್ತು ನೋಡಿ, “ಮೊದ್ಲೇ ಚೆನ್ನಾಗಿತ್ತು” ಎಂದರು.

ಆ ದಿನ ನನ್ನ ಕಣ್ಣೆಲ್ಲ ನಡುವಿನ ಕುರ್ಚಿಯ ಮೇಲೆ. ಇಡೀ ಕೋಣೆಯನ್ನು ಆ ಒಂದು ಕುರ್ಚಿಗಾಗಿಯೇ ಕಟ್ಟಿದೆ ಎಂದು ಡಿಸೈನರ್ ಬಾಯಲ್ಲೇ ಕೇಳಿದ್ದೆ. ಕೂರಲು ಹೋದರೆ ಭಾವ ಅಡ್ಡ ಬಂದರು. “ಅದೊಂದು ಬಿಟ್ಟು ಎಲ್ಲಾದ್ರೂ ಕೂತ್ಕೋ ತಾಯಿ. ಅದು ನಿಮ್ಮಕ್ಕಂದು.” ಅಕ್ಕನೋ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಾಳೆ! ಖಾಲಿ ಕುರ್ಚಿಯನ್ನು ಕಾಯುವ ಗಂಡ ಯಾರಿಗೆ ತಾನೆ ಸಿಗುತ್ತಾನೆ? ಹಿಂದಿನ ಸಾಲಿನ ತುದಿಯಲ್ಲಿ ಕೂತು, ಪರದೆ ಬಿಟ್ಟು ಆ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದೆ. ಚಿಕ್ಕಂದಿನಲ್ಲೂ ಹೀಗೇ ಇತ್ತು. ಅಜ್ಜಂಪುರದ ನಮ್ಮ ಮನೆಯಲ್ಲಿ ಅಕ್ಕನ ಕಿವಿಗೆ ದೊಡ್ಡ ಹೆಸರು. ರೈಲು ಇನ್ನೂ ದೂರದಲ್ಲಿರುವಾಗಲೇ, “ಟ್ರೈನು ಬತ್ತೈತೆ ಕಣಪ್ಪಾ” ಎನ್ನುತ್ತಿದ್ದಳು. ಅಪ್ಪ ಅವಳ ಮಾತು ನಂಬಿ ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ಹೊರಡುತ್ತಿದ್ದರು. ನನಗೆ ಏನೂ ಕೇಳುತ್ತಿರಲಿಲ್ಲ. ಆದರೂ “ಹೌದು, ನಂಗೂ ಕೇಳ್ತು” ಎನ್ನುತ್ತಿದ್ದೆ.

ಇನ್ನೊಂದು ಭಾನುವಾರ. ಮಧ್ಯಾಹ್ನದ ಊಟವಾದ ಮೇಲೆ ಭಾವ ಸಿನಿಮಾ ಹಚ್ಚಿ, ಅಕ್ಕನನ್ನು ಕರೆತರಲು ಒಳಗೆ ಹೋದರು. ಕೋಣೆಯಲ್ಲಿ ನಾನೊಬ್ಬಳೇ. ಇಂಥ ಅವಕಾಶ ಬಿಡಲುಂಟೇ? ಹೋಗಿ ನಡುವಿನ ಕುರ್ಚಿಯಲ್ಲಿ ಕೂತೆ. ಪರದೆಯಲ್ಲಿ ಯಾರೋ ಬಾಗಿಲು ಬಡಿದರು. ಕೂತ ಕುರ್ಚಿಯೇ ನನ್ನ ಬೆನ್ನಿಗೆ ಗುದ್ದಿತು. ಹಲ್ಲಿನವರೆಗೂ ಅದುರಿ ಎದ್ದು ನಿಂತೆ.

“ಭಾವ, ನಿಮ್ ಕುರ್ಚಿ ಕರೆಂಟ್ ಹೊಡೀತೈತೆ!”

ಅವರು ಆಗಲೇ ಬಾಗಿಲಲ್ಲಿದ್ದರು. ಬೈಯುತ್ತಾರೆಂದುಕೊಂಡೆ. ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

“ಕರೆಂಟಲ್ಲ ಕಣಮ್ಮ. ಸದ್ದು. ಅದೊಂದು ಕುರ್ಚಿ ಅಡೀಲಿ ಸದ್ದಿಗೆ ತಕ್ಕಂಗೆ ಅದುರೋ ಮಿಷನ್ ಐತೆ.” ಕುರ್ಚಿಯ ತೋಳು ತಟ್ಟಿ ಹೇಳಿದರು, “ನಿಮ್ಮಕ್ಕಂಗೆ ಕಿವಿ ಹೋಗ್ತಾ ಐತೆ. ಕಾಯಿ ಅಲ್ಲಾಡ್ಸಿದ್ರೆ ಕೇಳ್ಸಲ್ಲ. ಮೂಟೆ ಬಿದ್ರೆ ಮೈಗೆ ಗೊತ್ತಾಗ್ತದೆ. ಅದಕ್ಕೆ ಇದು.”

“ಕಿವಿಗೆ ಮಿಷನ್ನು…?”

“ಕೊಡ್ಸಿದೀನಿ. ಬಸ್ಸಿನ ಹಾರನ್ನೂ ಚಮಚದ ಸದ್ದೂ ಒಂದೇ ಥರ ಬಂದು ತಲೆಗೆ ಹೊಡೀತೈತಂತೆ, ತೆಗೆದಿಟ್ಟವ್ಳೆ. ಯಾರಿಗೂ ಹೇಳ್ಬೇಡಿ ಅಂತ ಆಣೆ ಬೇರೆ. ಟಾಕೀಸಿಗೆ ಕರ್ಕೊಂಡು ಹೋದ್ರೆ ಪರದೆ ನೋಡ್ತಿರ್ಲಿಲ್ಲ ಕಣಮ್ಮ. ನನ್ ಮುಖ ನೋಡ್ತಾ ಕೂರೋಳು. ನಾನ್ ನಕ್ಕಾಗ ನಗೋಳು.”

ಜೋರು ಟೀವಿ, ಕೈ ಬದಲಾಗುತ್ತಿದ್ದ ಫೋನು, ತಡವಾಗಿ ಬಂದ ಆ ನಗು. ನಾನು ಬಿದ್ದು ಬಿದ್ದು ನಕ್ಕದ್ದು. ಎಲ್ಲ ಒಂದೊಂದಾಗಿ ಬಂದು ಎದುರು ನಿಂತವು. ಇವುಗಳಲ್ಲಿ ಒಂದು ಗೇಣೂ ಕಳೆಯುವಂತಿರಲಿಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಎರಡೂ ಅಂಗೈಗಳನ್ನು ಕುರ್ಚಿಯ ತೋಳಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಳು. ಭಾವ ಎದ್ದು ನನಗೆ ಅವಳ ಪಕ್ಕದ ಜಾಗ ಬಿಟ್ಟು ಹಿಂದಕ್ಕೆ ಹೋದರು. ಪರದೆಯ ಮೇಲೆ ಖಾಲಿ ಸ್ಟೇಷನ್ನು, ಬೆಂಚಿನ ಮೇಲೆ ಒಬ್ಬ ಹೆಂಗಸು. ಏನೂ ನಡೆಯುತ್ತಿರಲಿಲ್ಲ. ನನಗೆ ಏನೂ ಕೇಳುತ್ತಲೂ ಇರಲಿಲ್ಲ.

ಅಕ್ಕ ನನ್ನ ಮೊಣಕೈ ತಿವಿದಳು. ಅವಳು ಭಾವನ ಮುಖ ನೋಡುತ್ತಿರಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. “ಟ್ರೈನು ಬತ್ತೈತೆ ಕಣೇ.”

ಆಮೇಲೆ ಬಂತು. ನನಗೆ ಕೇಳಿದ್ದೂ ಆಮೇಲೆಯೇ. ಈ ಸಲ “ನಂಗೂ ಕೇಳ್ತು” ಎನ್ನಲಿಲ್ಲ. ಪರದೆ ತುಂಬ ರೈಲು ಹಾದುಹೋಗುತ್ತಿರುವಾಗ, ಅವಳ ಕಡೆ ತಿರುಗಿ, ಎಂದಿನ ದನಿಯಲ್ಲೇ ಒಂದು ಪ್ರಶ್ನೆ ಕೇಳಿದೆ. ಅವಳು ನಸುನಗುತ್ತಾ ಪರದೆ ನೋಡುತ್ತಲೇ ಇದ್ದಳು. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ ತಿಳಿಯದು. ಆಮೇಲೆ ಎಷ್ಟೋ ಸಲ ಕಡೂರಿಗೆ ಹೋಗಿ ಬಂದಿದ್ದೇನೆ. ಅದನ್ನೇ ಇನ್ನೊಮ್ಮೆ ಜೋರಾಗಿ ಕೇಳಲು ಬಾಯಿ ಬಂದಿಲ್ಲ.

“ಅಕ್ಕಾ, ನನ್ ದನಿ ಈಗ ನಿಂಗೆ ಹೆಂಗೆ ಕೇಳ್ತದೆ?”